ಒಂದು ಮೊರ ತೌಡು

ಯಾರದೇ ಹೆಸರು ಹೇಳಿ, ಅವರಿಗಿಂತ ಮೊದಲು ಆ ಮನೆಯ ತೊಟ್ಟಿಲು ಬರಿದಾಗಿತ್ತೇ ಇಲ್ಲವೇ ಎಂದು ತಿಪ್ಪವ್ವ ಹೇಳಿಬಿಡುತ್ತಿದ್ದಳು. ಕಲ್ಲ, ಗುಂಡ ಎಂದರೆ ಕಲ್ಲಿನ ಹಾಗೆ ಉಳಿಯಲಿ ಎಂದು ಇಟ್ಟದ್ದು. ಹುಚ್ಚಯ್ಯ ಎಂದರೆ ಸಾವಿನ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣಲಿ ಎಂದು. ಅವಳನ್ನೂ ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡಿದ್ದರಂತೆ. "ಯಮ ಎಸರು ಕೇಳ್ಕಂಡು ಬತ್ತಾನೆ ಕಣಪ್ಪ. ತಿಪ್ಪೆ ಅಂದೇಟ್ಗೆ ಮೂಗು ಮುಚ್ಕಂಡು ಒಂಟೋಯ್ತಾನೆ," ಎಂದು ಬೊಚ್ಚು ಬಾಯಿ ತುಂಬ ನಗುತ್ತಿದ್ದಳು. ಅವಳು ಹೆತ್ತದ್ದು ಮಾತ್ರ ಒಂದೂ ಉಳಿದಿರಲಿಲ್ಲ.

ಕೆರಗೋಡಿನಲ್ಲಿ ನಮ್ಮ ಪಕ್ಕದ ಮನೆ ಅವಳದು. ಸೊಪ್ಪು ಮಾರುತ್ತಿದ್ದಳು, ಕೇಳಿದ ಬೆಲೆಗೆ ಕೊಟ್ಟು, ಮೇಲೊಂದು ಹಿಡಿ ಹಾಕುತ್ತಿದ್ದಳು. ನಾನೋ ಆಲೆಮನೆಗಳಲ್ಲಿ ಬೆಲ್ಲ ಕೊಂಡು ಮಂಡ್ಯಕ್ಕೆ ಸಾಗಿಸುತ್ತ, ಬರೀ ಬಾಯಿಯ ಬಲದಿಂದ ಮೇಲೆ ಬಂದವನು. ಮೊದಲು ಹೇಳಿದ ಬೆಲೆಗೆ ಒಪ್ಪಬೇಡಿ, ಎದ್ದು ನಡೆಯಿರಿ, ಮಾರುವವನೇ ಕೂಗುತ್ತಾನೆ. ಇವತ್ತಿಗೂ ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಆದರೆ ಎರಡು ಗಂಡು ಕೂಸುಗಳನ್ನು ಮಣ್ಣು ಮಾಡಿದ ಮೇಲೆ ಹೆಣ್ಣೊಂದು ಹುಟ್ಟಿದಾಗ ನನ್ನ ಬಾಯಿ ಕಟ್ಟಿಹೋಗಿತ್ತು.

ತಿಪ್ಪವ್ವ ಬಂದು ಮೊರದ ತುಂಬ ತೌಡು ಇಟ್ಟಳು. "ತೌಡು ತಕ್ಕೊ, ಕೂಸು ಕೊಡು. ಇವತ್ತಿಂದ ಇದು ನಂದು. ನೀವು ನನ್ ಪರವಾಗಿ ಸಾಕ್ತಿದೀರಿ, ಅಷ್ಟೆ."

"ತೌಡಿ ಅಂತ ಕರೀಬೇಕಾ? ಒಳ್ಳೆ ಎಸರು ಇಡ್ಬಾರ್ದಾ?" ಎಂದಳು ನನ್ನ ಹೆಂಡತಿ.

"ಇಟ್ಟು ನೋಡ್ದಲ್ಲವ್ವ, ಎರಡ್ ಸಲ," ಎಂದು ತಿಪ್ಪವ್ವ ಬಾಣಂತಿಯ ತಲೆ ಸವರಿದಳು.

ತೌಡಿ ಉಳಿದಳು. ತಿಪ್ಪವ್ವನನ್ನು ಅವ್ವಾ ಎಂದೂ, ಹೆತ್ತವಳನ್ನು ಅಕ್ಕಾ ಎಂದೂ ಕರೆಯುತ್ತ ಬೆಳೆದಳು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ತಿಪ್ಪವ್ವ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ನನ್ನನ್ನು ಕರೆಸಿದಳು. "ನಿನ್ ಮಗಳ್ನ ಕೊಂಡ್ಕಬುಡಪ್ಪ. ನಾನು ಓಗೋವಾಗ ನನ್ ಸೊತ್ತು ಅಂತ ಏನೂ ಇರ್ಬಾರ್ದು. ಇದ್ರೆ ಜೊತೇಲೇ ಬತ್ತದೆ."

ಅಕ್ಕಿ ಕಣ್ಣಿಗೆ ಕಾಣದ ಕಾಲ. ಆದರೂ ಒಂದು ಮೊರ ಅಕ್ಕಿಯನ್ನೇ ತಂದೆ. ಅವಳು ಮುಟ್ಟಲಿಲ್ಲ.

"ತೌಡೇ ತತ್ತಾ. ನೀನು ಎಚ್ಚು ಕೊಟ್ರೆ ಕೂಸಿನ ಬೆಲೆ ಯಮನಿಗೆ ಗೊತ್ತಾಗೋಯ್ತದೆ."

ತೌಡು ತಂದಿಟ್ಟೆ. ಮೊರದ ಅಂಚು ಸವರಿದಳು. ಆಮೇಲೆ, ಜನ್ಮದಲ್ಲಿ ಚೌಕಾಸಿ ಮಾಡದವಳು ಚೌಕಾಸಿಗೆ ಇಳಿದಳು. "ಈಗ್ಲೇ ಬ್ಯಾಡ ಕಣಪ್ಪ. ಒತ್ತು ಮುಳುಗೋಗಂಟ ಬುಡು. ಅಲ್ಲೀಗಂಟ ನನ್ನ ಅವ್ವ ಅಂತ ಕರೀಲಿ."

ಒಪ್ಪಿದೆ. ತೌಡಿ ಇಡೀ ದಿನ ಅವಳ ಮಗ್ಗುಲಲ್ಲೇ ಇದ್ದಳು. ಹೊತ್ತು ಮುಳುಗಿದಾಗ ಮೊರವನ್ನು ತಿಪ್ಪವ್ವನ ಕೈಗಿಟ್ಟು ಮಗಳನ್ನು ಎತ್ತಿಕೊಂಡೆ. ಇನ್ನು ಮೇಲೆ ಅಜ್ಜಿ ಅನ್ನಬೇಕು ಎಂದು ಹೇಳಿಕೊಟ್ಟೆ. ಹೊಸ್ತಿಲು ದಾಟುವಾಗ ಅವಳು ನನ್ನ ಹೆಗಲ ಮೇಲಿಂದ ತಿರುಗಿ, "ಅವ್ವಾ" ಎಂದು ಕೂಗಿದಳು.

ತಿಪ್ಪವ್ವನಿಗೆ ಕೇಳಿಸಿತು. ಓಗೊಟ್ಟರೆ ಕೂಸು ಮತ್ತೆ ತನ್ನದಾಗುತ್ತದೆಂದು ಅವಳಿಗೆ ಗೊತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ಹೊರಳಿದಳು.

ಬೆಳಿಗ್ಗೆ ಅವಳ ಮುಖವನ್ನು ನಾವೇ ಈ ಕಡೆ ತಿರುಗಿಸಬೇಕಾಯಿತು.