ನಾನು ನಿಲ್ಲಿಸಿದ ಗುಳಿಗೆ

ಮೊಮ್ಮಗಳು ಹುಟ್ಟಿ ಹನ್ನೊಂದು ದಿನ. ಮೊನ್ನೆ ನನ್ನ ಬೆರಳು ಹಿಡಿದುಕೊಂಡಳು, ಎಷ್ಟು ಗಟ್ಟಿ ಅಂತೀರಿ. ಸಂತೋಷ ಮೈಯಲ್ಲಿ ಹಿಡಿಸುತ್ತಿಲ್ಲ. ನಾಲ್ಕನೇ ಕ್ಲಾಸು ಓದಿದವನು ಬರೆಯಲು ಕುಳಿತಿದ್ದೇನೆ. ಕುಳಿತರೆ ಆ ವರ್ಷವೇ ನೆನಪಿಗೆ ಬರುತ್ತದೆ.

ಎಂಬತ್ತರ ದಶಕದ ನಡುವೆ, ಜಗಳೂರಿನ ಹತ್ತಿರ ನಮ್ಮದು ಕಂಬಳಿ ನೇಯುವ ಮನೆ. ಉಣ್ಣೆ ನೂಲುತ್ತಿದ್ದ ನನ್ನ ಹೆಂಡತಿಯ ಮುಖ ಊದಿತು, ದನಿ ಒಡೆಯಿತು. ಬಿಸಿಲಲ್ಲೂ ಚಳಿ ಎನ್ನುತ್ತಿದ್ದಳು.

“ಕೂತ್ರೂ ನಿದ್ದೆ, ನಿಂತ್ರೂ ನಿದ್ದೆ. ಕುರಿ ಆದ್ರೂ ಮೇಯಾಕೆ ಏಳತೈತೆ,” ಎಂದಳು ನಮ್ಮವ್ವ. ನಾಲ್ಕು ಹೆಜ್ಜೆಗೇ ಹೆಂಡತಿಗೆ ಏದುಸಿರು ಬಂದಾಗ ಬಸ್ಸು ಹತ್ತಿಸಿ ಡಾಕ್ಟರ ಬಳಿ ಕರೆದೊಯ್ದೆ.

ರಕ್ತ ಪರೀಕ್ಷೆ ಮಾಡಿಸಿ, ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋತಿದೆ ಎಂದರು. “ನೀವು ಮಗ್ಗದೋರಲ್ವಾ? ಹೃದಯದ ಒಂದೊಂದು ಜೀವಕಣದಾಗೂ ನೇಯೋ ಲೆಕ್ಕ ಬರೆದೈತೆ. ಯಾವ ಎಳೆ ನೇಯಬೇಕು, ಯಾವುದು ಬಿಡಬೇಕು ಅಂತ ಹೇಳೋದು ಈ ಗ್ರಂಥಿ ರಸ. ಅದು ಕಮ್ಮಿಯಾಗಿ ಹೃದಯ ನಿಧಾನದ ಎಳೆನೇ ನೇಯ್ತಾ ಕೂತೈತೆ.” ಆ ರಸದ್ದೇ ಗುಳಿಗೆ ಕೊಟ್ಟರು.

“ಕುರಿ ಹಿಕ್ಕೆಯಷ್ಟೂ ಇಲ್ಲ, ಇದು ನೇಯಿಸ್ತೈತಂತೆ,” ಎಂದು ಬಸ್ಸಿನಲ್ಲಿ ನಕ್ಕಳು.

ಮೊದಲು ಕಾಲು ಗುಳಿಗೆ, ಬರಬರುತ್ತ ಪೂರ್ತಿ. ಆರು ತಿಂಗಳಿಗೆ ನಮ್ಮವ್ವನಿಗೆ ಎದುರಾಡುವಷ್ಟು ಗಟ್ಟಿಯಾದಳು. ಆಗ ನಾನೇ ಗುಳಿಗೆ ನಿಲ್ಲಿಸಿದೆ. ಮಗ್ಗದಿಂದ ಇಳಿದ ಕಂಬಳಿಗೆ ಮತ್ತೆ ಯಾರಾದರೂ ನೂಲು ಹಾಕುತ್ತಾರೆಯೇ?

“ಡಾಕ್ಟ್ರು ನಿಲ್ಲಿಸಾಕೆ ಹೇಳ್ಯಾರೇನ್ರೀ?”

“ನೇಯೋನು ನಾನು. ನಂಗೊತ್ತಿಲ್ಲೇನು?”

ಅವಳು ಬಸುರಾದಳು. ಐದನೆಯ ತಿಂಗಳ ಹೊತ್ತಿಗೆ ಮತ್ತೆ ಮೈಯೆಲ್ಲ ಊದಿ, ಒಂದು ಬೆಳಿಗ್ಗೆ ಒಲೆಯ ಮುಂದೆ ಬಿದ್ದಳು. ಆಸ್ಪತ್ರೆಯಲ್ಲಿ ಕೂಸು ಉಳಿಯಲಿಲ್ಲ. ಹೃದಯದ ಸುತ್ತ ನೀರು ತುಂಬಿದೆ, ತಾಯಿ ಉಳಿಯುವುದನ್ನೂ ಹೇಳಲಾಗದು ಎಂದರು.

ಅದೇ ಡಾಕ್ಟರ ಮುಂದೆ ನಿಂತು, ಗುಳಿಗೆ ನಿಲ್ಲಿಸಿದ ನನ್ನ ಲೆಕ್ಕ ಒಪ್ಪಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅದು ಮುಗಿಯೋ ಕಂಬಳಿ ಅಲ್ಲಪ್ಪ. ಹೃದಯ ದಿನಾ ಹಳೇ ಎಳೆ ಬಿಚ್ಚತೈತೆ, ದಿನಾ ಹೊಸದು ನೇಯ್ತೈತೆ. ಹೇಳೋ ರಸ ದಿನಾ ಇರಬೇಕು. ನಾನೂ ಅರ್ಧ ಮಾತು ಹೇಳಿ ಕಳಿಸಿದ್ದೆ.”

ಎಂಟು ದಿನ ವಾರ್ಡಿನ ಹೊರಗೆ ಕುಳಿತಿದ್ದೆ. ಒಂಬತ್ತನೆಯ ದಿನ ಕಣ್ಣು ಬಿಟ್ಟಳು. ಕೂಸಿನ ಬಗ್ಗೆ ಕೇಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ತಿಳಿದುಕೊಂಡಳು.

“ಗುಳಿಗೆ ತಂದೀರಾ?”

ಶೀಶೆ ಕೊಟ್ಟೆ. ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಆಮೇಲೆ ಮಕ್ಕಳಾಗಿ, ಈಗ ಮೊಮ್ಮಗಳು ಬಂದರೂ, ಅಂದಿನಿಂದ ಇವತ್ತಿನವರೆಗೆ ನನ್ನ ಕೈಗೆ ಕೊಟ್ಟಿಲ್ಲ.