ಹೆಡ್‌ಫೋನು ಮತ್ತು ನನ್ನ ಹಕಾರ

ನಮ್ಮ ಮನೆಯವರಿಗೆ ಹೆಡ್‌ಫೋನಿನ ಹುಚ್ಚು ಹಿಡಿದದ್ದು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ. ಕೆಲವರು ನಿವೃತ್ತಿಯಾದರೆ ಯೋಗಕ್ಕೆ ಸೇರುತ್ತಾರೆ, ಕೆಲವರು ಸೈಟು ನೋಡುವ ನೆಪದಲ್ಲಿ ಬ್ಯಾಡರಹಳ್ಳಿ ಕಡೆ ಸುತ್ತುತ್ತಾರೆ. ಇವರು ಬಸವೇಶ್ವರನಗರದ ನಮ್ಮ ಮನೆಯ ಸೋಫಾದಲ್ಲಿ ಕೂತು ಆರು ತಿಂಗಳು ಹೆಡ್‌ಫೋನುಗಳ ವಿಮರ್ಶೆ ಓದಿದರು. ಕೊನೆಗೆ ಒಂದರ ಮೇಲೆ ಕಣ್ಣು ಬಿತ್ತು. ಅದರ ಬೆಲೆ ಐವತ್ತೈದು ಸಾವಿರ.

"ಅಷ್ಟು ದುಡ್ಡಿಗೆ ಅದು ಬರೀ ಹಾಡುತ್ತೋ, ಪಾತ್ರೆನೂ ತೊಳೆಯುತ್ತೋ?" ಎಂದು ಕೇಳಿದೆ.

"ನೀನೇ ಬಂದು ಕೇಳಿ ಹೇಳು. ಬೆಲೆಗೆ ತಕ್ಕ ಹಾಗಿಲ್ಲ ಅಂದ್ರೆ ವಾಪಸ್ ಬಂದುಬಿಡೋಣ. ನನ್ ಕಿವಿಗೆ ಎಲ್ಲಾ ಒಂದೇ" ಎಂದರು.

ಆ ಕಡೆಯ ಮಾತು ನಿಜ. ಶ್ರುತಿಪೆಟ್ಟಿಗೆಗೂ ಮಿಕ್ಸಿಗೂ ಇವರಿಗೆ ವ್ಯತ್ಯಾಸ ತಿಳಿಯದು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನಾನು ಆಗಾಗ ಛೇಡಿಸುವುದಿತ್ತು. ನಮ್ಮ ಮನೆಯಲ್ಲಿ ಕಿವಿ ಇರುವವಳು ನಾನು, ಹಾಡುವವಳೂ ನಾನೇ. ಬಡಾವಣೆಯ ಹೆಂಗಸರ ಭಜನಾ ಬಳಗದಲ್ಲಿ ಹದಿನೈದು ವರ್ಷದಿಂದ ಹಾಡುತ್ತಿದ್ದೆ.

ಇಷ್ಟು ಹೇಳಿದ ಮೇಲೆ ನನ್ನ ಹಕಾರದ ಕಥೆ ಹೇಳದೆ ವಿಧಿಯಿಲ್ಲ. ನಾನು ಹುಟ್ಟಿ ಬೆಳೆದದ್ದು ಕೆಂಗೇರಿಯಲ್ಲಿ. ನಮ್ಮ ಮನೆಯಲ್ಲಿ 'ಹ' ಎನ್ನುವ ಅಕ್ಷರ ಸ್ಲೇಟಿನ ಮೇಲೆ ಮಾತ್ರ ಇತ್ತು, ಬಾಯಲ್ಲಿ ಇರಲಿಲ್ಲ. ಅಮ್ಮ ಹೂವಿಗೆ ಊವು ಅನ್ನುವಳು, ಹಾಡಿಗೆ ಆಡು ಅನ್ನುವಳು. ನಾನೂ ಹಾಗೇ. ಮದುವೆಯಾಗಿ ದಾವಣಗೆರೆ ಕಡೆಯವರ ಮನೆಗೆ ಬಂದೆ. ಮೊದಲ ವಾರವೇ "ಅತ್ತೆ, ಆಲು ಕಾಯಿಸಿದೀನಿ" ಎಂದೆ. "ಆಲೂಗಡ್ಡಿನಾ?" ಎಂದು ಅತ್ತೆ ಕೇಳಿದರು. ಅವಮಾನವಾಗಿ, ಸಿಕ್ಕ ಸಿಕ್ಕಲ್ಲೆಲ್ಲ ಹ ಸೇರಿಸತೊಡಗಿದೆ. "ಹಕ್ಕಿ ತೊಳೆದಿಟ್ಟಿದೀನಿ" ಎಂದೆ. "ನಮ್ ಮನ್ಯಾಗ ಹಕ್ಕಿ ತಿನ್ನಂಗಿಲ್ಲವ್ವಾ" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬರೆಯುವಾಗ ನನಗೆ ಹ ಎಂದೂ ತಪ್ಪಿದ್ದಿಲ್ಲ. ಇಲ್ಲಿ ನನ್ನ ಮಾತುಗಳನ್ನು ನನಗೆ ಕೇಳಿಸಿದ ಹಾಗೆ ಬರೆದಿದ್ದೇನೆ, ಬೇರೆಯವರಿಗೆ ಹೇಗೆ ಕೇಳಿಸಿತೋ ಗೊತ್ತಿಲ್ಲ.

ಎಂಟು ವರ್ಷದ ಹಿಂದೆ ನಮ್ಮ ಬಳಗದವರು ಒಂದು ಭಕ್ತಿಗೀತೆಯ ಸಿ.ಡಿ. ಮಾಡಿದರು. ಹಾಡುಗಳನ್ನು ಬರೆದದ್ದು ಬಳಗದ ಹಿರಿಯಕ್ಕ, ಕಲಿಸಿದ್ದೂ ಅವರೇ. ಒಂದು ಹಾಡಿನಲ್ಲಿ ನನಗೆ ಒಬ್ಬಳಿಗೇ ನಾಲ್ಕು ಸಾಲು ಕೊಟ್ಟರು. ಮೊದಲ ಸಾಲು ಹೀಗಿತ್ತು: 'ಹಿಡಿ ಹೂವ ತಂದೆನು, ಹೊರಗಿರಿಸಬೇಡ.' ನಾನು ಹಾಡಿದರೆ ಅದು 'ಇಡಿ ಊವ ತಂದೆನು, ಒರಗಿರಿಸಬೇಡ' ಆಗುತ್ತಿತ್ತು. "ದೇವರನ್ನ ಗೋಡೆಗೆ ಒರಗಿಸಿ ನಿಲ್ಲಿಸ್ತೀರಲ್ರೀ" ಎಂದು ಹಿರಿಯಕ್ಕ ತಲೆ ಚಚ್ಚಿಕೊಂಡರು. ಮೂರು ತಿಂಗಳು ಪಾಠ ನಡೆಯಿತು. ಕಡೆಗೆ ನಾನೇ ಒಂದು ಉಪಾಯ ಕಂಡುಕೊಂಡೆ. ಪ್ರತಿ ಹಕಾರಕ್ಕೂ ಮುಂಚೆ ಪುಟ್ಟದಾಗಿ ಒಂದು ಉಸಿರು ಎಳೆದುಕೊಳ್ಳುವುದು, ಆ ಉಸಿರಿನಿಂದಲೇ ಹ ಎನ್ನುವುದನ್ನು ಹೊರಗೆ ತಳ್ಳುವುದು. ಸಾಲಿಗೆ ಮೂರು ಹ, ಮೂರು ಉಸಿರು. ಹಾಗೇ ಸ್ಟುಡಿಯೋದಲ್ಲಿ ಹಾಡಿ ಬಂದೆ.

ಸಿ.ಡಿ. ಬಂದಾಗ ಮನೆಯಲ್ಲಿ ಹಾಕಿ ಕೇಳಿದೆವು. ಕೊಳಲು, ತಬಲ, ಗುಡಿಯೊಳಗೆ ಹಾಡಿದಂಥ ಮೊಳಗು, ಅದರ ನಡುವೆ ನನ್ನ ನಾಲ್ಕು ಸಾಲು. ಹ ಎಲ್ಲವೂ ಮುತ್ತಿನ ಹಾಗೆ ಬಿದ್ದಿದ್ದವು. "ಇದು ನನ್ ದನಿನಾ ರೀ?" ಎಂದು ಕೇಳಿದೆ. "ಯಾರಿಗೂ ಅವರ ದನಿ ರೆಕಾರ್ಡಿಂಗಲ್ಲಿ ಗುರುತು ಸಿಗಲ್ಲ ಕಣೇ. ಅದು ಸೈನ್ಸು" ಎಂದರು. ನಾನು ನಂಬಿದೆ. ಏಕೆ ನಂಬಬಾರದು? ಮೂವತ್ತು ವರ್ಷ ಕಾಡಿದ ಅಕ್ಷರ ಕೊನೆಗೂ ನನ್ನದಾಗಿತ್ತು. ಅಂದಿನಿಂದ ನನ್ನ ಬೆನ್ನು ನೆಟ್ಟಗಾಯಿತು. ಬಳಗಕ್ಕೆ ಹೊಸಬರು ಬಂದರೆ ಅವರ ಹಕಾರ ತಿದ್ದುವ ಕೆಲಸವನ್ನು ಯಾರೂ ಹೇಳದಿದ್ದರೂ ನಾನೇ ಮೈಮೇಲೆ ಹಾಕಿಕೊಂಡೆ. ಹಳಬರು ನನ್ನನ್ನು ನೋಡಿ ತಲೆಯಾಡಿಸುತ್ತಿದ್ದರು. ಮೆಚ್ಚುಗೆ ಅಂದುಕೊಂಡಿದ್ದೆ.

ಹೆಡ್‌ಫೋನಿನ ಅಂಗಡಿ ರಾಜಾಜಿನಗರದಲ್ಲಿತ್ತು. ಒಳಗೆ ಗಾಜಿನ ಬಾಗಿಲಿನ ಸಣ್ಣ ಕೋಣೆ, ಎರಡು ಕುರ್ಚಿ. ಅಂಗಡಿಯವರು ನಮ್ಮದೇ ವಯಸ್ಸಿನ ಬೋಳುತಲೆಯ ಮನುಷ್ಯ. ಎರಡೂ ಕೈಯಲ್ಲಿ ಹೆಡ್‌ಫೋನು ಹಿಡಿದು, ಆರತಿ ತಟ್ಟೆ ಕೊಡುವ ಹಾಗೆ ಕೊಟ್ಟರು.

"ಮೇಡಂ, ನಿಮಗೆ ಚೆನ್ನಾಗಿ ಗೊತ್ತಿರೋ ಹಾಡು ಹಾಕಿ. ಸಾವಿರ ಸಲ ಕೇಳಿರ್ಬೇಕು. ಅದ್ರಲ್ಲೇ ಡಿಫರೆನ್ಸ್ ಗೊತ್ತಾಗೋದು."

"ಹಾಗಾದ್ರೆ ನಮ್ದೇ ಇದೆ" ಎಂದು ಫೋನು ತೆಗೆದೆ.

ಇವರು ನನ್ನ ಕೈ ಹಿಡಿದರು. "ಅದ್ಯಾಕೆ, ಹಳೇ ರೆಕಾರ್ಡಿಂಗು. ಇಂಥದ್ದಕ್ಕೆ ಸೂಟ್ ಆಗಲ್ಲ. ಬರೀ ವೀಣೆದು ಏನಾದ್ರೂ ಕೇಳು."

"ನಾನು ಸಾವಿರ ಸಲ ಕೇಳಿರೋದು ಇದೊಂದೇ" ಎಂದು ಕೈ ಬಿಡಿಸಿಕೊಂಡೆ.

ಹೆಡ್‌ಫೋನು ಒಳ್ಳೆಯದೇ. ಮೊದಲ ಚರಣ ಹಾಡಿದ ಹೆಂಗಸಿನ ಹಿಂದೆ ಸ್ಟುಡಿಯೋದ ಫ್ಯಾನಿನ ಸದ್ದು ಕೇಳಿಸಿತು. ನನಗೆ ಆ ಸ್ಟುಡಿಯೋ ಕಣ್ಣಿಗೆ ಕಟ್ಟಿತು. ಅತ್ತಿಗುಪ್ಪೆಯ ಒಂದು ಮನೆಯ ಮೊದಲ ಮಹಡಿ, ಮೆಟ್ರೋ ಹೋದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದರು. ಫ್ಯಾನು ನಿಲ್ಲಿಸಿದರೆ ಹಾಡಲು ಬಂದ ನಾವು ನಾಲ್ವರೂ ಬೆವರಿ ಸಾಯುತ್ತಿದ್ದೆವು, ಹಾಗಾಗಿ ಅದನ್ನು ಸಣ್ಣಗೆ ಬಿಟ್ಟಿದ್ದರು. ಎರಡನೆಯ ಚರಣದಲ್ಲೂ ಫ್ಯಾನು ಕೇಳಿಸಿತು. ನನ್ನ ಸಾಲು ಬಂದಾಗ ಫ್ಯಾನು ಇರಲಿಲ್ಲ. ಹಿಂದೆ ಏನೂ ಇರಲಿಲ್ಲ. ಒಬ್ಬ ಹೆಂಗಸು ಸಾಲಿನ ಆರಂಭದಲ್ಲಿ ಒಂದು ಉಸಿರು ತೆಗೆದುಕೊಂಡಳು. ಅದೊಂದೇ ಉಸಿರಿನಲ್ಲಿ 'ಹಿಡಿ ಹೂವ ತಂದೆನು, ಹೊರಗಿರಿಸಬೇಡ' ಎಂದು ಪೂರ್ತಿ ಹಾಡಿ ಮುಗಿಸಿದಳು.

ಮತ್ತೆ ಹಾಕಿದೆ. ಮತ್ತೂ ಒಂದೇ ಉಸಿರು. ಮೂರನೆಯ ಸಲ ಬೆರಳು ಮಡಚಿ ಎಣಿಸಿದೆ. ಸಾಲಿಗೆ ಮೂರು ಸಲ ಉಸಿರೆಳೆಯದೆ ನಾನು ಅದನ್ನು ಜನ್ಮದಲ್ಲಿ ಹಾಡಿಲ್ಲ. ಈ ದನಿ ನನ್ನದಲ್ಲ.

ತಲೆಯೆತ್ತಿ ಗಂಡನ ಮುಖ ನೋಡಿದೆ. ಅವರು ಬೆಲೆಯ ಚೀಟಿ ಓದುತ್ತಿದ್ದರು, ಅದರಲ್ಲಿ ಓದಲು ಐದು ಅಂಕಿ ಬಿಟ್ಟರೆ ಏನೂ ಇರಲಿಲ್ಲ.

"ಹೇಗಿದೆ ಮೇಡಂ? ವರ್ತ್ ಅನ್ನಿಸ್ತಾ?" ಅಂಗಡಿಯವರು ಕೇಳಿದರು.

"ಚೆನ್ನಾಗಿದೆ. ಸುಳ್ಳು ಹೇಳಲ್ಲ" ಎಂದು ಕೊಟ್ಟು ಹೊರಗೆ ಬಂದೆ.

ಹೊರಗೆ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಹೆಂಡತಿಗೆ ಸಿಟ್ಟು ಬಂದರೆ ಏನಾದರೂ ಕುಡಿಸುವುದು ಇವರ ಹಳೆಯ ಮದ್ದು. ಎರಡು ಲೋಟ ಹೇಳಿದರು. ಲೋಟ ಕೈಗೆ ಬಂದ ಮೇಲೆ ಕೇಳಿದೆ.

"ಅದು ಯಾರು ಹಾಡಿರೋದು?"

ಇವರು ಸುಳ್ಳು ಹೇಳಲಿಲ್ಲ. ಎಂಟು ವರ್ಷ ಹೇಳಿ ಸುಸ್ತಾಗಿತ್ತೇನೋ.

"ಯಾರೋ ಸ್ಟುಡಿಯೋದಲ್ಲಿ ಬೇರೆಯೋರ ಬದಲು ಟ್ರ್ಯಾಕ್ ಹಾಡೋ ಹುಡುಗಿ, ಹೆಸ್ರು ಗೊತ್ತಿಲ್ಲ. ಸ್ಟುಡಿಯೋದಿಂದ ಹಿರಿಯಕ್ಕ ಫೋನ್ ಮಾಡಿದ್ರು. ಒಂದ್ ಹ ಬಂದ್ರೆ ಎರಡು ಬಂದಿಲ್ಲ, ಮಧ್ಯ ಮಧ್ಯ ಉಸಿರು ಬೇರೆ ಕೇಳ್ಸುತ್ತೆ, ಆ ನಾಲ್ಕು ಸಾಲು ತೆಗೆದುಹಾಕ್ತೀವಿ ಅಂದ್ರು. ನೀನು ಮೂರ್ ತಿಂಗಳು ಒದ್ದಾಡಿದ್ದೆ. ನಂಗೆ ನೋಡಕ್ಕಾಗ್ಲಿಲ್ಲ. ಬೇರೆಯೋರ ಹತ್ರ ಹಾಡಿಸಿ, ಹೆಸ್ರು ಇವಳದೇ ಇರ್ಲಿ ಅಂತ ನಾನೇ ಹೇಳ್ದೆ."

"ಬಳಗದಲ್ಲಿ ಯಾರ್ಯಾರಿಗೆ ಗೊತ್ತು?"

ಅವರು ಲೋಟದ ನೊರೆ ನೋಡಿದರು. "ಎಲ್ಲರಿಗೂ."

ನನಗೆ ಆ ತಲೆಯಾಡಿಸುವಿಕೆಗಳೆಲ್ಲ ಒಂದೊಂದಾಗಿ ನೆನಪಾದವು. ಹೊಸಬರಿಗೆ ನಾನು ಹಕಾರ ತಿದ್ದುವಾಗ ಹಿಂದೆ ಕೂತವರು ಬಾಯಿಗೆ ಸೆರಗು ಅಡ್ಡ ಹಿಡಿದು ಕೆಮ್ಮುತ್ತಿದ್ದದ್ದು ನೆನಪಾಯಿತು.

"ಈಗ್ಲಾದ್ರೂ ನಂಗೆ ಹ ಬರುತ್ತಾ?" ಎಂದು ಕೇಳಿದೆ.

"ಬರುತ್ತೆ" ಎಂದರು. ಒಂದು ಗುಟುಕು ಕುಡಿದು, "ಒಂದೊಂದ್ ಸಲ" ಎಂದು ಸೇರಿಸಿದರು. "ನಿನ್ನೆ ಪಕ್ಕದ್ ಮನೆಯೋರಿಗೆ ಹಕ್ಕಿ ರೊಟ್ಟಿ ಮಾಡಿದೀನಿ, ಬನ್ನಿ ಅಂದೆ."

ಬೇರೆ ದಿನವಾಗಿದ್ದರೆ ನಾನೇ ನಗುತ್ತಿದ್ದೆ. ಅಂದು ಲೋಟವನ್ನು ಗಾಡಿಯ ಮೇಲಿಟ್ಟು ಆಟೋ ಹತ್ತಿದೆ. ಇವರು ಇನ್ನೊಂದು ಆಟೋದಲ್ಲಿ ಬಂದರು.

ಒಳ್ಳೆಯದಕ್ಕೇ ಮಾಡಿದೆ ಎಂದು ಇವರು ಒಂದು ವಾರ ಹೇಳಿದರು. ಒಳ್ಳೆಯದಕ್ಕೆ ಎನ್ನುವ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ನನ್ನ ಸಾಲು ತೆಗೆದುಹಾಕಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ, ಇಲ್ಲವೇ ಇನ್ನೂ ಮೂರು ತಿಂಗಳು ಕಲಿಯುತ್ತಿದ್ದೆ. ನನಗೆ ಬರುವುದಿಲ್ಲ ಎಂದು ಎಲ್ಲರಿಗೂ ತಿಳಿದು, ನನಗೊಬ್ಬಳಿಗೆ ಮಾತ್ರ ಬರುತ್ತದೆ ಎಂದು ತಿಳಿಸಿದ್ದು ಮೋಸ. ಬೇರೆ ಹೆಸರಿನಿಂದ ಅದನ್ನು ಕರೆಯಲು ನನಗೆ ಬಾಯಿ ಬರುವುದಿಲ್ಲ. ಬಳಗಕ್ಕೆ ಹೋಗುವುದನ್ನು ನಿಲ್ಲಿಸಿದೆ.

ಆದರೆ ನನ್ನನ್ನು ತಿಂದದ್ದು ಇವರ ಮೋಸವಲ್ಲ. ಅದು ಕೆಂಗೇರಿಯ ಮನೆಯ ಒಂದು ಮಧ್ಯಾಹ್ನ.

ಸಿ.ಡಿ. ಬಂದ ವಾರವೇ ಅಮ್ಮನಿಗೆ ಕೇಳಿಸಲು ಹೋಗಿದ್ದೆ. ತರಕಾರಿ ಗಾಡಿಯವರು ಕೂಗಲು ಇಟ್ಟುಕೊಳ್ಳುವಂಥ ಒಂದು ಅಗ್ಗದ ಸ್ಪೀಕರ್ ಡಬ್ಬ ಅವಳ ಹತ್ತಿರ ಇತ್ತು. ಹಾಡನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿದ್ದೆ. ಅಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ, ಕಿವಿಯ ಹಿಂದೆ ಅಂಗೈ ಇಟ್ಟು ಕೇಳಿದಳು. ನನ್ನ ನಾಲ್ಕು ಸಾಲು ಬಂದು ಹೋದವು. ಅವಳು ಕಾಯುತ್ತಲೇ ಇದ್ದಳು. ಹಾಡು ಮುಗಿಯುತ್ತಾ ಬಂತು.

"ಚೆಂದಾಗದೆ. ನಿಂದ್ಯಾವಾಗ ಬತ್ತದೆ?" ಎಂದು ಕೇಳಿದಳು.

"ಈಗ ಬಂತಲ್ಲಮ್ಮ, ಹಿಡಿ ಹೂವ ಅಂತ. ಅದೇ ನಂದು."

"ಇಲ್ಲ ಕಣೇ. ಅದ್ಯಾರೋ. ನಿನ್ ದನಿ ನಂಗೊತ್ತಿಲ್ವಾ?"

ನನಗೆ ರೇಗಿತು. ಮೂರು ತಿಂಗಳ ಕಷ್ಟವನ್ನು ಒಂದು ಮಾತಿನಲ್ಲಿ ತೆಗೆದುಹಾಕಿದಳು ಅನ್ನಿಸಿತು. "ನಿನ್ ಕಿವಿ ಹೋಗಿದೆ" ಎಂದೆ. ಅಲ್ಲಿಗೆ ನಿಲ್ಲಿಸಲಿಲ್ಲ. "ಹ ಅನ್ನಕ್ಕೆ ಬರದೇ ಇರೋರಿಗೆ ಹ ಏನು ಕೇಳ್ಸುತ್ತೆ?" ಎಂದೂ ಅಂದೆ.

ಅಮ್ಮ ನನ್ನನ್ನು ಒಂದು ಕ್ಷಣ ನೋಡಿದಳು. ಮೊರ ಹತ್ತಿರ ಎಳೆದುಕೊಂಡು ಅವರೆಕಾಯಿಗೆ ಕೈ ಹಾಕಿದಳು. "ಆಗ್ಲಿ ಬುಡು. ನಿಂದೇ ಇರ್ಬೋದು" ಎಂದಳು.

ಆಮೇಲೆ ಅವಳು ಮೂರು ವರ್ಷ ಬದುಕಿದ್ದಳು. ಮನೆಗೆ ಯಾರೇ ಬರಲಿ, ಆ ಡಬ್ಬ ಹಚ್ಚಿ, ಸರಿಯಾಗಿ ಆ ನಾಲ್ಕು ಸಾಲು ಬರುವಾಗ ಬೆರಳೆತ್ತಿ, "ನಮ್ ಉಡುಗಿ ಆಡಿರೋದು" ಎಂದು ಹೇಳುತ್ತಿದ್ದಳಂತೆ. ತಿಥಿಯ ದಿನ ಪಕ್ಕದ ಮನೆಯ ಹೆಂಗಸು ಇದನ್ನು ಹೇಳಿ ಕಣ್ಣೊರೆಸಿಕೊಂಡಿದ್ದಳು. ಅಂದು ನನಗೆ ಹೆಮ್ಮೆಯಾಗಿತ್ತು.

ಹೋದ ಭಾನುವಾರ ಅಂಗಡಿಯವರು ಇವರಿಗೆ ಫೋನ್ ಮಾಡಿ, ಸ್ವಲ್ಪ ಕಡಿಮೆ ಮಾಡಿಕೊಡುತ್ತೇನೆ ಎಂದರಂತೆ. "ಏನ್ ಹೇಳ್ಲಿ?" ಎಂದು ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು.

"ಬೇಡ. ಅದು ಹೇಳೋದನ್ನ ನಮ್ಮಮ್ಮ ಬಿಟ್ಟಿ ಹೇಳಿದ್ಲು. ನಾನೇ ಬಾಯಿ ಮುಚ್ಚಿಸ್ದೆ" ಎಂದೆ.

ಇವರು ಫೋನು ಹಿಡಿದು ಮುಂದಿನ ಕೋಣೆಗೆ ಹೋದರು. ಅಡುಗೆಮನೆಯ ಕಿಟಕಿಯ ಮೇಲೆ ಅಮ್ಮನ ಸ್ಪೀಕರ್ ಡಬ್ಬ ಇತ್ತು. ಅವಳ ಮನೆ ಖಾಲಿ ಮಾಡಿದಾಗ ನಾನು ತಂದದ್ದು ಅದೊಂದೇ. ಅದನ್ನು ಹಚ್ಚಲಿಲ್ಲ. ಒಲೆ ಆರಿಸಿ, ಡಬ್ಬದ ಎದುರು ನಿಂತು, ಸಾಲಿಗೆ ಮೂರು ಉಸಿರೆಳೆದು ನನ್ನ ನಾಲ್ಕು ಸಾಲು ಹಾಡಿದೆ. ಹೂವು ಬಂತೋ ಊವು ಬಂತೋ ನೋಡಲಿಲ್ಲ.

"ಇದು ನಂದು ಕಣಮ್ಮ. ಈಗ ಬಂತು" ಎಂದೆ.