ದೂಮಣ್ಣನ ಬೀಟೆಕೋಲು

ಸೈಕಲ್ ರಿಪೇರಿಗೆ ತಂದವರ ಕಿವಿಗೆ ಕೋಲು ಹಿಡಿಯುವ ಮನುಷ್ಯನನ್ನು ನಾನು ಉರ್ವದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಮೊಳದುದ್ದದ ಬೀಟೆಮರದ ಕೋಲು ಅದು. ಕೈಯ ಬೆವರಿಗೂ ಎಣ್ಣೆಗೂ ಕಪ್ಪಗಾಗಿ ನುಣುಪಾಗಿತ್ತು. ಅದರ ಒಂದು ತುದಿಯನ್ನು ದೂಮಣ್ಣ ಬ್ರಾಕೆಟ್ಟಿಗೆ ಒತ್ತಿ ಹಿಡಿಯುತ್ತಿದ್ದರು. ಎರಡು ಪೆಡಲುಗಳ ನಡುವೆ, ಚೌಕಟ್ಟಿನ ತಳದಲ್ಲಿ ಅಡ್ಡಲಾಗಿ ಇರುವ ಗಿಡ್ಡ ಕೊಳವೆಯೇ ಬ್ರಾಕೆಟ್ಟು. ಇನ್ನೊಂದು ತುದಿಗೆ ಸೈಕಲ್ಲಿನ ಧಣಿ ಕಿವಿ ಕೊಡಬೇಕು. ದೂಮಣ್ಣ ಪೆಡಲನ್ನು ಮೆಲ್ಲಗೆ ತಿರುಗಿಸಿ, "ಕೇನುಂಡಾ?" ಎಂದು ತುಳುವಿನಲ್ಲಿ ವಿಚಾರಿಸುವರು, ಕೇಳುತ್ತದಾ ಎಂದು. ಕೇಳುತ್ತದೆ ಎನ್ನುವ ತನಕ ಅವರು ಸ್ಪ್ಯಾನರು ಮುಟ್ಟುತ್ತಿರಲಿಲ್ಲ. ಧಣಿಗೇ ಗೊತ್ತಿಲ್ಲದ ಕಾಯಿಲೆಗೆ ಮದ್ದು ಮಾಡುವುದು ಸರಿಯಲ್ಲ ಎಂದು ಅವರ ವಾದ.

ನಾನಾಗ ಹೊಸ ಮಾಸ್ತರ. ನಮ್ಮ ಮನೆಯಲ್ಲಿ ಅಪ್ಪ, ಅಜ್ಜ ಎಲ್ಲರೂ ದೇವಸ್ಥಾನದ ಪೂಜೆಯವರು. ಅವರ ಪೈಕಿ ಸೈಕಲ್ ಹತ್ತಿದ ಮೊದಲಿಗ ನಾನು. ಬಿಜೈಯ ಮನೆಯಿಂದ ಉರ್ವದ ಶಾಲೆಗೆ ಹೋಗುವ ದಾರಿಯಲ್ಲೇ ದೂಮಣ್ಣನ ಅಂಗಡಿ. ಅಂಗಡಿಯೆಂದರೆ ನಾಲ್ಕು ಕಂಬದ ಮೇಲೆ ಒಡಕು ಹಂಚಿನ ಮಾಡು, ಒಂದು ಬೆಂಚು, ತೂಗುಹಾಕಿದ ಹಳೆಯ ಚೈನುಗಳು. ನಮ್ಮ ನಮ್ಮ ಮನೆಯಲ್ಲಿ ಇಬ್ಬರೂ ತುಳುವೇ ಆಡುವವರಾದರೂ ನನ್ನೊಡನೆ ಅವರು ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದರು. ಮಾಸ್ತರ ಹತ್ತಿರ ತುಳು ಆಡಿದರೆ ಶಾಲೆಗೆ ಅವಮಾನ ಎಂದು ಅವರ ತಿಳುವಳಿಕೆ. ಎರಡೂ ಕಿವಿಯಲ್ಲಿ ಸದಾ ಹತ್ತಿಯ ಉಂಡೆ. ಅತ್ತರಿನ ಶೋಕಿ ಇರಬೇಕು ಎಂದುಕೊಂಡಿದ್ದೆ.

ಅವರ ಕೈಗೆ ನನ್ನ ಸೈಕಲ್ಲು ಮೊದಲು ಸಿಕ್ಕಿದ್ದು ಅಮ್ಮನ ದೆಸೆಯಿಂದ. ಆ ಕಾಲದ ಬ್ರಾಕೆಟ್ಟುಗಳಿಗೆ ಎಣ್ಣೆ ಬಿಡಲು ಮೇಲೊಂದು ತೂತು, ಅದಕ್ಕೆ ಪುಟ್ಟ ಮುಚ್ಚಳ. ಆಯುಧಪೂಜೆಯ ದಿನ ಅಮ್ಮ ಸೈಕಲ್ಲಿಗೆ ಕುಂಕುಮವಿಟ್ಟು, ಆ ಮುಚ್ಚಳ ತೆರೆದು, ದೀಪಕ್ಕೆ ಬಿಡುವ ತೆಂಗಿನೆಣ್ಣೆಯನ್ನೇ ಭಕ್ತಿಯಿಂದ ತುಂಬಿಸಿದ್ದರು. ಚಳಿಗಾಲದ ಬೆಳಿಗ್ಗೆ ಎಣ್ಣೆ ಒಳಗೇ ಹೆಪ್ಪುಗಟ್ಟಿತು. ಏತ ತುಳಿದ ಹಾಗೆ ತುಳಿದುಕೊಂಡು ಉರ್ವ ಮುಟ್ಟುವಾಗ ನನಗೆ ಏದುಸಿರು. ದೂಮಣ್ಣ ಬಿಚ್ಚಿ, ಮೂಸಿ ನೋಡಿ, ಗಂಭೀರವಾಗಿ ಹೇಳಿದರು: "ಮಾಷ್ಟ್ರೇ, ಇನ್ನು ಸಾಸಿವೆ, ಕರಿಬೇವು ಮಾತ್ರ ಬಾಕಿ ಉಂಟು." ಅಮ್ಮನಿಗೆ ಇದನ್ನು ಹೇಳಿದಾಗ ಅವರು ದೂಮಣ್ಣನಿಗೆಂದು ಒಂದು ಪೊಟ್ಟಣ ಪಂಚಕಜ್ಜಾಯ ಕಟ್ಟಿಕೊಟ್ಟರು.

ಬ್ರಾಕೆಟ್ಟಿನ ಒಳಗನ್ನು ನನಗೆ ತೋರಿಸಿದವರು ಅವರೇ. ನಡುವೆ ಒಂದು ಅಚ್ಚು, ಎರಡು ಕಡೆಯೂ ಒಂದೊಂದು ಉಕ್ಕಿನ ಬಟ್ಟಲು, ಬಟ್ಟಲಿನ ಅಂಚಿನಲ್ಲಿ ಸಾಲಾಗಿ ಕೂತ ಗುಂಡುಗಳು. ಎಡಗಡೆಯ ಬಟ್ಟಲನ್ನು ಲೋಕದ ಎಲ್ಲ ತಿರುಪಿನ ಹಾಗೆ ಬಿಚ್ಚಬೇಕು. ಬಲಗಡೆ, ಚೈನಿನ ಕಡೆಯದ್ದು ಮಾತ್ರ ತಿರುಗಾಮುರುಗಾ. ಬಿಗಿಮಾಡುವಂತೆ ತಿರುಗಿಸಿದರೆ ಬಿಚ್ಚುತ್ತದೆ. ದೂಮಣ್ಣ ಕಸುಬಿಗಿಳಿದ ಹೊಸತರಲ್ಲಿ ಇದು ತಿಳಿಯದೆ, ಹಂಚಿನ ಕಾರ್ಖಾನೆಯ ಮೇಸ್ತ್ರಿಯೊಬ್ಬರ ಸೈಕಲ್ಲಿನ ಬಲಬಟ್ಟಲಿಗೆ ಸ್ಪ್ಯಾನರು ಹಾಕಿ, ಅದು ಜಪ್ಪಯ್ಯ ಅಂದರೂ ಅಲುಗದಿದ್ದಾಗ, ಸ್ಪ್ಯಾನರಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತರಂತೆ. ಬ್ರಾಕೆಟ್ಟಿನ ಮರೆ, ಅಂದರೆ ತಿರುಪು ಕೂರುವ ಸುತ್ತುಗೆರೆ, ಪುಡಿಯಾಗಿ ಸೈಕಲ್ಲೇ ಹಾಳು. ಮೇಸ್ತ್ರಿ ಹೊಡೆಯಲು ಬಂದಾಗ ಬೋಳೂರಿನ ಹೊಳೆಬದಿಯವರೆಗೂ ಓಡಿದ್ದನ್ನು ಅವರು ಎದ್ದುನಿಂತು, ಅಭಿನಯಿಸಿ ತೋರಿಸುತ್ತಿದ್ದರು.

ಆದರೆ ಕಥೆ ನಗುವಿನಲ್ಲಿ ಮುಗಿಯುತ್ತಿರಲಿಲ್ಲ. ಗುಂಡುಗಳು ಉರುಳುತ್ತಾ ಬಟ್ಟಲನ್ನು ನಾವು ತುಳಿಯುವುದಕ್ಕೆ ಎದುರು ದಿಕ್ಕಿಗೆ ಒಂದಿಷ್ಟೊಂದಿಷ್ಟೇ ದೂಡುತ್ತವೆ, ಬಲಬಟ್ಟಲಿಗೆ ಎಲ್ಲದರಂತೆ ಮರೆ ಇದ್ದಿದ್ದರೆ ದಾರಿಯಲ್ಲೇ ಕಳಚಿ ಬೀಳುತ್ತಿತ್ತು, ಉಲ್ಟಾ ಇರುವುದರಿಂದ ತುಳಿದಷ್ಟೂ ಬಿಗಿಯಾಗುತ್ತದೆ ಎಂದು ಬೆರಳಲ್ಲಿ ತಿರುಗಿಸಿ ತೋರಿಸುವರು. ಆಗ ಅವರ ಮುಖ ನೋಡಬೇಕಿತ್ತು. "ಇದನ್ನು ಮಾಡಿದವ ಎಲ್ಲಿಯೋ ವಿಲಾಯತಿಯಲ್ಲಿ ಕೂತು ನಮ್ಮ ಉರ್ವದವರ ಕಾಲಿನ ಬಗ್ಗೆ ಯೋಚನೆ ಮಾಡಿದ್ದಾನೆ ಮಾರಾಯ್ರೇ" ಎನ್ನುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ಮಾತಿನಿಂದ.

ಮಹಾಯುದ್ಧದ ಕಾಲ ಬಂತು. ಹೊಸ ಬಟ್ಟಲು, ಗುಂಡು ಯಾವುದೂ ಪೇಟೆಯಲ್ಲಿಲ್ಲ. ದೂಮಣ್ಣ ಹಳೆಯ ಗುಂಡುಗಳನ್ನು ಕನ್ನಡಿಯ ಮೇಲೆ ಉರುಳಿಸಿ, ನೆಟ್ಟಗೆ ಓಡಿದವನ್ನು ಆರಿಸಿ ಕೆಲಸ ಸಾಗಿಸುತ್ತಿದ್ದರು. ಒಂದು ಬೆಳಿಗ್ಗೆ ನಾನು ಅಂಗಡಿಯ ಹಿಂದಿನಿಂದ ಬಂದು ಗಂಟೆ ಬಾರಿಸಿದೆ. ಅವರು ತಿರುಗಲಿಲ್ಲ. ಕರೆದೆ, ಆಗಲೂ ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಕೋಲಿನ ತುದಿ ಅವರ ಕಿವಿಯಲ್ಲಿರಲಿಲ್ಲ, ಹಲ್ಲುಗಳ ನಡುವೆ ಇತ್ತು. ಕಣ್ಣುಮುಚ್ಚಿ, ಕೋಲು ಕಚ್ಚಿಕೊಂಡು ಪೆಡಲು ತಿರುಗಿಸುತ್ತಿದ್ದರು. ನನ್ನನ್ನು ಕಂಡದ್ದೇ ಕೋಲನ್ನು ಬೆಂಚಿನಡಿಗೆ ತಳ್ಳಿದರು.

ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತಂತೆ. ಹತ್ತಿ ಅದಕ್ಕಾಗಿ. ಈಗ ಎರಡೂ ಮುಚ್ಚಿಹೋಗಿ, ಎದುರಿಗಿದ್ದವರ ತುಟಿ ನೋಡಿ, ಅವರಿಗಿಂತ ಮೊದಲು ತಾವೇ ಮಾತಾಡಿ ಸಂಭಾಳಿಸುತ್ತಿದ್ದರು. ಕಚ್ಚಿ ಹಿಡಿದರೆ ಮಾತ್ರ ಸದ್ದು ಹಲ್ಲಿನಿಂದ ತಲೆಗೆ ಏರುತ್ತದೆ ಎಂದರು. "ಯಾರ ಹತ್ತಿರವೂ ಹೇಳ್ಬೇಡಿ ಮಾಷ್ಟ್ರೇ. ಕಿವುಡ ದೂಮನ ಹತ್ತಿರ ಸೈಕಲ್ ಯಾರು ತರ್ತಾರೆ?"

ನಾನು ಹೇಳಲಿಲ್ಲ. ಆದರೆ ಒಂದು ದಿನ, ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸೊಂದು ಹಿಂದಿನಿಂದ ಹಾರನ್ ಒತ್ತುತ್ತಲೇ ಬಂದಾಗ ಅವರು ರಸ್ತೆಯ ನಡುವೆ ಆರಾಮವಾಗಿ ನಡೆಯುತ್ತಿದ್ದರು. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಎಳೆದು ಉಳಿಸಿದಳು. ಗುಟ್ಟು ರಟ್ಟಾಯಿತು. ಕೆಲವು ದಿನ ಅಂಗಡಿ ಖಾಲಿ. ಆಮೇಲೆ ದೂಮಣ್ಣ ನಾಚಿಕೆ ಬಿಟ್ಟು, ರಸ್ತೆಗೆ ಮುಖ ಮಾಡಿ ಕೂತು, ಎಲ್ಲರೆದುರೇ ಕೋಲು ಕಚ್ಚತೊಡಗಿದರು. ಹಲ್ಲಿನಲ್ಲಿ ಕೇಳುವ ಮನುಷ್ಯನನ್ನು ನೋಡಲೆಂದೇ ಬೊಕ್ಕಪಟ್ಣದಿಂದಲೂ ಜನ ಬಂದರು. ಬಂದವರು ಸುಮ್ಮನೆ ಹೋಗಲಾಗದೆ ಸೈಕಲ್ಲನ್ನೂ ಬಿಟ್ಟುಹೋದರು.

ಹೊಟ್ಟೆಪಾಡಿನ ಭಯ ಹೋಯಿತು. ಇನ್ನೊಂದು ಉಳಿಯಿತು. ಅವರ ಹೆಂಡತಿ ಕಮಲಕ್ಕ ದಿನಾ ಮಧ್ಯಾಹ್ನ ಗಂಜಿ ತರುವರು. ಪಾತ್ರೆ ಇಡುವಾಗ ಶುರುವಾದ ಬೈಗುಳ ಪಾತ್ರೆ ಎತ್ತುವಾಗಲೂ ಮುಗಿದಿರುತ್ತಿರಲಿಲ್ಲ. ದೂಮಣ್ಣ ಎಲ್ಲದಕ್ಕೂ ತಲೆಯಾಡಿಸುವರು. ಒಮ್ಮೆ ಅವರು ಅತ್ತ ಹೋದಮೇಲೆ ನನ್ನೊಡನೆ, "ಬ್ರಾಕೆಟ್ಟಿನ ಮಾತು ಕೇಳ್ತದೆ ಮಾಷ್ಟ್ರೇ, ಅವಳದ್ದೇ ಕೇಳುವುದಿಲ್ಲ. ಸ್ವರ ಹೇಗಿತ್ತು ಅಂತಲೂ ಈಗ ಮರೀತಾ ಉಂಟು" ಎಂದರು. ಯಾವಾಗಿನ ನಗು ಆಗ ಇರಲಿಲ್ಲ.

ನನಗೆ ಕುಂದಾಪುರಕ್ಕೆ ವರ್ಗವಾಯಿತು. ರಜೆಯಲ್ಲಿ ಊರಿಗೆ ಬರುವಷ್ಟರಲ್ಲಿ ದೂಮಣ್ಣ ಜ್ವರದಲ್ಲಿ ತೀರಿಕೊಂಡಿದ್ದರು, ಹಂಚಿನ ಮಾಡಿನಡಿಯಲ್ಲಿ ಯಾರೋ ಬಾಳೆಕಾಯಿ ಮಾರುತ್ತಿದ್ದರು. ಹಾಗಾಗಿ ಹೊರಡುವ ಮುನ್ನಾದಿನ ಕಂಡದ್ದೇ ಕೊನೆಯಾಯಿತು.

ಆ ಸಂಜೆ ಅವರು ನನ್ನ ಬ್ರಾಕೆಟ್ಟನ್ನು ಪೂರಾ ಬಿಚ್ಚಿ, ತೊಳೆದು, ಕಟ್ಟಿ, ಕೋಲು ಕಚ್ಚಿ ಪರೀಕ್ಷಿಸುತ್ತಿದ್ದರು. ಹೋಗಿ ಬರುತ್ತೇನೆ ಎಂದು ಅವರಿಗೆ ಕೇಳಿಸುವಂತೆ ಹೇಳುವುದು ಹೇಗೆ ಎಂದು ನಾನು ಯೋಚಿಸುತ್ತಾ ನಿಂತಿದ್ದೆ. ಆಮೇಲೆ ಬಗ್ಗಿ, ಬ್ರಾಕೆಟ್ಟಿನಿಂದ ಕೋಲಿನ ತುದಿಯನ್ನು ಎತ್ತಿ ನನ್ನ ಬಾಯಿಯ ಹತ್ತಿರ ತಂದೆ. ದೂಮಣ್ಣ ಗಾಬರಿಯಾಗಿ ಕೋಲು ಕಸಿದುಕೊಂಡರು. "ಬೇಡ ಮಾಷ್ಟ್ರೇ, ಎಂಜಲು. ಪೂಜೆಯ ಮನೆಯವರು ನೀವು." ಸುತ್ತ ನೋಡಿದರು, ಯಾರಾದರೂ ಕಂಡರೋ ಎಂದು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ನಾನು ಕೋಲನ್ನು ಅವರ ಕೈಯಿಂದ ಮತ್ತೆ ತೆಗೆದುಕೊಂಡು, ತುದಿಯನ್ನು ಪಂಚೆಯಲ್ಲಿ ಒರೆಸಿ, ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಅವರ ಕಡೆ ತಿರುಗಿಸಿದೆ. ನನ್ನ ಮುಖ ನೋಡಿ, ಕೊನೆಗೆ ಅವರೂ ಕಚ್ಚಿದರು.

"ಪೋದು ಬರ್ಪೆ ದೂಮಣ್ಣ" ಎಂದೆ, ತುಳುವಿನಲ್ಲೇ. "ಕೇನುಂಡಾ?"

ಅವರ ಕಣ್ಣು ಅಗಲವಾಯಿತು. "ಕೇನುಂಡು" ಎಂದರು. ಆ ಮಾತು ನನಗೂ ಕಿವಿಯಿಂದ ಬರಲಿಲ್ಲ, ದವಡೆಯಿಂದ ಏರಿ ತಲೆಯೊಳಗೆ ಮೊಳಗಿತು. ಇನ್ನೊಮ್ಮೆ ಹೇಳಿ ಎಂದು ಕೈಸನ್ನೆ ಮಾಡಿದರು. ಹೇಳಿದೆ. ಮತ್ತೂ ಒಮ್ಮೆ ಹೇಳಿಸಿದರು.

ಆಮೇಲೆ ಮುಖ ಒರೆಸಿಕೊಂಡು ಎದ್ದು, ಇನ್ನೂ ಬೆಳಕಿರುವಾಗಲೇ ಸಾಮಾನು ಒಳಗಿಡತೊಡಗಿದರು. ಹಾಗೆ ಬೇಗ ಅಂಗಡಿ ಮುಚ್ಚಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಂತ ಎಂದು ಕೈಯಲ್ಲೇ ಕೇಳಿದೆ.

"ಮನೆಗೆ ಹೋಗ್ತೇನೆ ಮಾಷ್ಟ್ರೇ" ಎಂದರು ದೂಮಣ್ಣ, ಕೋಲನ್ನು ಕಂಕುಳಲ್ಲಿ ಇರುಕಿಕೊಳ್ಳುತ್ತಾ. "ಅವಳು ಇಷ್ಟು ದಿನ ಎಂತ ಬೈದಳು ಅಂತ ಕೇಳ್ಬೇಕು."